ಫೋನು ಯಾರದು, ನೋಡುವವರು ಯಾರು

2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಾಮಾಜಿಕ ಜಾಲತಾಣಗಳಿಗೆ ಹೊಸ ನಿಯಮಗಳನ್ನು ಪ್ರಕಟಿಸಿದಾಗ ದೇಶದಲ್ಲಿ ಯಾವುದಕ್ಕೆ ಎಷ್ಟು ಬಳಕೆದಾರರು ಎಂಬ ಲೆಕ್ಕವನ್ನೂ ಮುಂದಿಟ್ಟಿತು. ವಾಟ್ಸಾಪ್‌ಗೆ 53 ಕೋಟಿ, ಯೂಟ್ಯೂಬ್‌ಗೆ 44.8 ಕೋಟಿ, ಫೇಸ್‌ಬುಕ್‌ಗೆ 41 ಕೋಟಿ, ಇನ್‌ಸ್ಟಾಗ್ರಾಂಗೆ 21 ಕೋಟಿ, ಟ್ವಿಟರ್‌ಗೆ 1.75 ಕೋಟಿ. ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಅತಿ ಹೆಚ್ಚು ಸದ್ದು ಮಾಡುವುದು ಈ ಪಟ್ಟಿಯ ಕೊನೆಯದು. ವ್ಯಾಪಾರ ನಡೆಯುವುದು ಮೊದಲ ಎರಡರಲ್ಲಿ. ಇಷ್ಟು ಮಾತ್ರ ಆ ಲೆಕ್ಕದಿಂದ ಕಲಿಯಬಹುದು.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ ಬೀಜ, ಗೊಬ್ಬರ ಮಾರುವವರಿಗೆ 53 ಕೋಟಿ ಎಂಬ ಅಂಕಿಯಿಂದ ಏನೂ ಹುಟ್ಟುವುದಿಲ್ಲ. ಅವರಿಗೆ ಬೇಕಾದದ್ದು ಸುತ್ತಲಿನ ಹಳ್ಳಿಗಳ ಮುನ್ನೂರು ನಾನೂರು ಮನೆಗಳು. ಆ ಮನೆಗಳಲ್ಲಿ ಫೋನು ಯಾರ ಕೈಯಲ್ಲಿದೆ, ಯಾವ ಹೊತ್ತಿನಲ್ಲಿದೆ, ನೋಡಿದ್ದನ್ನು ಅವರು ಯಾರಿಗೆ ಹೇಳುತ್ತಾರೆ, ದುಡ್ಡು ಬಿಚ್ಚುವ ಹೊತ್ತಿಗೆ ಯಾರ ಮಾತು ನಂಬುತ್ತಾರೆ ಎಂಬುದು ಗೊತ್ತಾದರೆ ವ್ಯಾಪಾರ ಆಗುತ್ತದೆ. ಜಾಲತಾಣದ ಪಾಠ ಹೇಳುವವರು ಖಾತೆಗಳನ್ನು ಎಣಿಸುತ್ತಾರೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವಿನ ನಮ್ಮ ಸೀಮೆಯಲ್ಲಿ ಎಣಿಸಬೇಕಾದದ್ದು ಕಣ್ಣುಗಳನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಲತಾಣ ನಮ್ಮ ಹಳ್ಳಿಗಳೊಳಗೆ ಎರಡು ಅಲೆಯಲ್ಲಿ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ, ಹತ್ತು ರೂಪಾಯಿ ಕರೆನ್ಸಿ ಹಾಕಿಸಿ ಮಿಸ್ಡ್ ಕಾಲ್ ಕೊಡುತ್ತಿದ್ದ ಹುಡುಗರು ದಿನವಿಡೀ ವಿಡಿಯೊ ನೋಡುವಂತಾಯಿತು. ಅದು ಗಂಡು ಹುಡುಗರ ಅಲೆ. ಎರಡನೆಯದು 2020ರ ಲಾಕ್‌ಡೌನ್. ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ, ಅದುವರೆಗೆ ಬಟನ್ ಫೋನಿನಲ್ಲೇ ಕಾಲ ಹಾಕುತ್ತಿದ್ದ ಮನೆಗಳೂ ಮಕ್ಕಳಿಗೋಸ್ಕರ ಸಾಲ ಮಾಡಿ ಸ್ಮಾರ್ಟ್‌ಫೋನ್ ತಂದವು. ಪಾಠ ಮುಗಿದ ಮೇಲೆ ಫೋನು ಅಡುಗೆಮನೆಗೆ, ಜಗುಲಿಗೆ ಬಂತು. ಅಮ್ಮ, ಅಜ್ಜಿ, ಅತ್ತೆ ಜಾಲತಾಣಕ್ಕೆ ಬಂದದ್ದು ಹೀಗೆ, ಮಕ್ಕಳ ಪಾಠದ ಹಿಂಬಾಗಿಲಿನಿಂದ.

ಇದರ ಹಿಂದಿನ ಸ್ಥಿತಿಗೆ ಒಂದು ಒಳ್ಳೆಯ ಅಳತೆ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019ರಲ್ಲಿ ಕರ್ನಾಟಕದ ಮನೆಗಳಿಗೆ ಹೋಗಿ, ಎಂದಾದರೂ ಇಂಟರ್‌ನೆಟ್ ಬಳಸಿದ್ದೀರಾ ಎಂದು ಕೇಳಿದಾಗ ಹೌದು ಎಂದವರು ಗಂಡಸರಲ್ಲಿ ಶೇ. 62, ಹೆಂಗಸರಲ್ಲಿ ಶೇ. 35. ಹಾಸನ ಜಿಲ್ಲೆಯಲ್ಲಿ ಹೆಂಗಸರ ಸಂಖ್ಯೆಯೇ ಹೆಚ್ಚು. 2011ರ ಜನಗಣತಿಯ ಪ್ರಕಾರ ಸಾವಿರ ಗಂಡಸರಿಗೆ 1,010 ಹೆಂಗಸರು, 17.76 ಲಕ್ಷ ಜನರಲ್ಲಿ ಸುಮಾರು ಶೇ. 79 ಮಂದಿ ಹಳ್ಳಿಯವರು. ಮನೆಗೆ ಏನು ಬೇಕೆಂದು ನಿರ್ಧರಿಸುವ ಹಳ್ಳಿಯ ಹೆಂಗಸರೇ ಆಗ ಜಾಲತಾಣದ ಲೆಕ್ಕದ ಹೊರಗಿದ್ದರು. ಲಾಕ್‌ಡೌನ್ ಆ ಅಂತರವನ್ನು ಕಡಿಮೆ ಮಾಡಿತು. ಆದರೆ ಕಡಿಮೆಯಾದ ಬಗೆಯನ್ನು ಸರಿಯಾಗಿ ನೋಡಬೇಕು. ಹೆಚ್ಚಿನ ಹೆಂಗಸರು ಹೊಸ ಖಾತೆ ತೆರೆಯಲಿಲ್ಲ. ಮಗನ ಖಾತೆಯಲ್ಲೇ ಬ್ಲೌಸಿನ ಹಿಂಭಾಗದ ಡಿಸೈನ್ ನೋಡಿದರು, ಗಂಡನ ಯೂಟ್ಯೂಬಿನಲ್ಲೇ ರಂಗೋಲಿ ಕಲಿತರು.

ಇದರ ಪರಿಣಾಮ ವ್ಯಾಪಾರದ ಮೇಲೆ ನೇರ. ಹಾಸನದ ಬಟ್ಟೆ ಅಂಗಡಿಯೊಂದು ಫೇಸ್‌ಬುಕ್ಕಿನಲ್ಲಿ ಸೀರೆಯ ಜಾಹೀರಾತು ಹಾಕುವಾಗ ಹೆಂಗಸರಿಗೆ ಮಾತ್ರ ತೋರಿಸು ಎಂದು ಗುರುತು ಹಾಕಿದರೆ, ಮಗನ ಖಾತೆಯಲ್ಲಿ ಸೀರೆ ನೋಡುತ್ತಿರುವ ಹಳೇಕೋಟೆ ಕಡೆಯ ತಾಯಿಗೆ ಅದು ಕಾಣುವುದಿಲ್ಲ. ದುಡ್ಡು ಖರ್ಚಾಯಿತು, ನೋಡಬೇಕಾದವರು ನೋಡಲಿಲ್ಲ. ಪಟ್ಟಣದಲ್ಲಿ ಒಬ್ಬರಿಗೆ ಒಂದು ಫೋನು ಎಂಬುದು ಸರಿಯಿರಬಹುದು. ಹಳ್ಳಿಯಲ್ಲಿ ಫೋನು ಇನ್ನೂ ಬಹುಮಟ್ಟಿಗೆ ಮನೆಯದು. ಹಾಗಾಗಿ ನಮ್ಮ ಕಡೆ ಜಾಹೀರಾತು ಕೊಡುವವರು ವಯಸ್ಸು, ಲಿಂಗಗಳ ಗುರುತು ಬಿಟ್ಟು ಊರಿನ ಗುರುತನ್ನು ಹಿಡಿದುಕೊಳ್ಳುವುದು ಲೇಸು. ಅಂಗಡಿಯಿಂದ ಇಷ್ಟು ಕಿಲೋಮೀಟರ್ ಒಳಗೆ ಎಂದು ಗುರುತು ಹಾಕುವ ಸೌಲಭ್ಯ ಇದೆ, ಅದೇ ಸಾಕು.

ವಯಸ್ಸಿನ ಲೆಕ್ಕ ಬೇಡವೇ ಬೇಡ ಎನ್ನುವುದಿಲ್ಲ. ಹಾಸನದ ಕಾಲೇಜು ಹುಡುಗ ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿದ್ದಾರೆ. ಬೇಕರಿ, ಬಟ್ಟೆ, ಫೋಟೊ ಸ್ಟುಡಿಯೊ, ಪಾರ್ಲರ್ ಇಟ್ಟವರಿಗೆ ಅವರು ಬೇಕು. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿಗೆ ಇಂದು ವಾರದ ಕೊನೆಯಲ್ಲಿ ಸೇರುವ ಜನರಲ್ಲಿ ಬಹುಪಾಲು ಇಂಥವರ ಫೋಟೊ ನೋಡಿ ಬಂದವರೇ. ಅಲ್ಲಿ ಜೋಳ, ಚುರುಮುರಿ ಮಾರುವವರ ಸಂಪಾದನೆ ರೀಲ್ಸ್‌ನಿಂದ ಹುಟ್ಟಿದ್ದು. ಫೇಸ್‌ಬುಕ್ಕಿನಲ್ಲಿ ಉಳಿದವರು ಮೂವತ್ತು ದಾಟಿದವರು. ಸೈಟು, ಹಳೆಯ ಟ್ರ್ಯಾಕ್ಟರು, ಹಸು, ರಾಜಕೀಯದ ಮಾತು ಅಲ್ಲಿ. ಯೂಟ್ಯೂಬಿಗೆ ಅಕ್ಷರ ಬರಬೇಕೆಂದಿಲ್ಲ, ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಕೇಳಿದರೆ ವಿಡಿಯೊ ಬರುತ್ತದೆ. ಓದು ಬಾರದ ರೈತರಿಗೆ, ಅಜ್ಜಿಯರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದು ಕೀಲಿಮಣೆಯ ಮುಂದೆ ಬದುಕುವ ನಮ್ಮಂಥವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ವಾಟ್ಸಾಪ್ ಮಾತ್ರ ಎಲ್ಲರದು. ಅಲ್ಲಿಯೂ ಟೈಪ್ ಮಾಡುವವರು ಕಡಿಮೆ, ವಾಯ್ಸ್ ಮೆಸೇಜ್ ಕಳಿಸುವವರೇ ಹೆಚ್ಚು. ಅಂಗಡಿಯವರೂ ಉದ್ದುದ್ದ ಬರೆಯುವ ಬದಲು ಅರ್ಧ ನಿಮಿಷ ಮಾತಾಡಿ ಕಳಿಸಿದರೆ ಅದನ್ನು ಇಡೀ ಮನೆ ಕೇಳುತ್ತದೆ.

ಇನ್ನೊಂದು ವರ್ಗವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿಗೆ, ಮೈಸೂರಿಗೆ ದುಡಿಯಲು ಹೋದ ಊರ ಮಕ್ಕಳು. ಗ್ರಾಮದೇವತೆಯ ಹಬ್ಬದ ಗ್ರೂಪು, ಶಾಲೆಯ ಹಳೆಯ ವಿದ್ಯಾರ್ಥಿಗಳ ಗ್ರೂಪು, ಮಾವಿನಕೆರೆ ಬೆಟ್ಟದ ರಂಗನಾಥಸ್ವಾಮಿಯ ಫೋಟೊ ಬಂದೊಡನೆ ಕೈಮುಗಿಯುವ ಚಿಹ್ನೆಗಳ ಸಾಲು, ಇವೆಲ್ಲದರಲ್ಲಿ ಅವರು ದಿನಾ ಇದ್ದಾರೆ. ಅಪ್ಪನ ಫೋನಿಗೆ ರೀಚಾರ್ಜ್ ಮಾಡಿಸುವವರು, ಅಮ್ಮನಿಗೆ ಮಿಕ್ಸಿ ಕೊಡಿಸುವವರು, ಮನೆಗೆ ಶೀಟು ಹಾಕಿಸುವವರು ಅವರೇ. ಹೊಳೆನರಸೀಪುರದ ಎಲೆಕ್ಟ್ರಿಕಲ್ ಅಂಗಡಿಗೆ ತಂದೆ ಬರುತ್ತಾರೆ, ಅಂಗಡಿಯವರು ಮಿಕ್ಸಿಯ ಫೋಟೊವನ್ನು ಬೆಂಗಳೂರಿನ ಮಗನಿಗೆ ಕಳಿಸುತ್ತಾರೆ, ಮಗ ಫೋನ್‌ಪೇ ಮಾಡುತ್ತಾನೆ, ತಂದೆ ಎತ್ತಿಕೊಂಡು ಬಸ್ ಹತ್ತುತ್ತಾರೆ. ಕೊಂಡವರು ಯಾರು? ಇಲ್ಲಿ ಗಿರಾಕಿ ಮೂರು ಜನ, ಅವರಲ್ಲಿ ದುಡ್ಡು ಕೊಟ್ಟವನು ಅಂಗಡಿಗೆ ಕಾಲಿಟ್ಟೇ ಇಲ್ಲ. ಈ ದೂರದ ಮಕ್ಕಳ ನಂಬರನ್ನು ಜೋಪಾನ ಮಾಡಿದ ಅಂಗಡಿ ಆನ್‌ಲೈನ್ ಕಂಪನಿಗಳ ಪೈಪೋಟಿಯಲ್ಲೂ ಉಳಿದುಕೊಳ್ಳುತ್ತದೆ.

ಇನ್ನು ನೋಡುವವರ ಮಾತು. 2006ರಲ್ಲಿ ಜೇಕಬ್ ನೀಲ್ಸನ್ ಎಂಬ ತಜ್ಞರು ಆನ್‌ಲೈನ್ ಸಮುದಾಯಗಳಿಗೆ ಒಂದು ಸ್ಥೂಲ ಲೆಕ್ಕ ಕೊಟ್ಟರು: ನೂರರಲ್ಲಿ ತೊಂಬತ್ತು ಮಂದಿ ಸುಮ್ಮನೆ ನೋಡುವವರು, ಒಂಬತ್ತು ಮಂದಿ ಆಗೊಮ್ಮೆ ಈಗೊಮ್ಮೆ ಮಾತಾಡುವವರು, ಒಬ್ಬರು ಮಾತ್ರ ಹೆಚ್ಚಿನದನ್ನೆಲ್ಲ ಬರೆಯುವವರು. ಮರುವರ್ಷ ಅಮೆರಿಕದ ಫಾರೆಸ್ಟರ್ ಸಂಸ್ಥೆ ಬಳಕೆದಾರರನ್ನು ಏಣಿಯ ಮೆಟ್ಟಿಲುಗಳ ಹಾಗೆ ವಿಂಗಡಿಸಿತು. ಮೇಲಿನ ಮೆಟ್ಟಿಲಲ್ಲಿ ತಾವೇ ಸೃಷ್ಟಿಸುವವರು, ಕೆಳಗೆ ಪ್ರೇಕ್ಷಕರು, ಅದಕ್ಕೂ ಕೆಳಗೆ ಏನೂ ಮಾಡದವರು. ಕಂಪನಿಗಳು ಆ ಏಣಿಯ ಮೇಲ್ತುದಿಯವರ ಬೆನ್ನು ಹತ್ತಿದವು. ನಮ್ಮಲ್ಲಿ ಅದು ಉಲ್ಟಾ ಆಗಬೇಕು ಎನ್ನುವುದು ನನ್ನ ವಾದ. ಹಳ್ಳಿಯಲ್ಲಿ ಲೈಕ್ ಒತ್ತದವರೇ ಕೊಳ್ಳುವವರು. ಸ್ಟೇಟಸ್‌ನಲ್ಲಿ ಮಾಲು ನೋಡಿ, ಒಂದು ಮಾತೂ ಆಡದೆ, ಮೂರು ದಿನ ಬಿಟ್ಟು ಅಂಗಡಿಗೆ ಬಂದು, 'ಅವತ್ತು ಹಾಕಿದ್ರಲ್ಲಾ ಅಣ್ಣ, ಆ ಪೈಪು ಇನ್ನೂ ಐತಾ?' ಎಂದು ಕೇಳುತ್ತಾರೆ. ಸ್ಟೇಟಸ್ ಯಾರು ಯಾರು ನೋಡಿದರು ಎಂಬ ಹೆಸರುಗಳ ಪಟ್ಟಿ ವಾಟ್ಸಾಪಿನಲ್ಲೇ ಸಿಗುತ್ತದೆ. ಅದನ್ನು ಸಂಜೆ ಒಂದು ಸಲ ಓದುವ ಅಂಗಡಿಯವರಿಗೆ ಸಾವಿರ ಫಾಲೋವರ್‌ಗಳಿಂದ ಸಿಗದ ತಿಳಿವಳಿಕೆ ಸಿಗುತ್ತದೆ.

ಕೊಳ್ಳುವ ತೀರ್ಮಾನ ಎಲ್ಲಿ ಆಗುತ್ತದೆ ಎಂಬ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ, ಅದೂ ರೈತರಿಂದಲೇ ಬಂದದ್ದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತು ಎಂದು ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬಿಬ್ಬರು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿ ರೈತರಿಗೆ ಮೊದಲು ತಲುಪಿದ್ದು ಹೆಚ್ಚಾಗಿ ಮಾರಾಟಗಾರರಿಂದ, ಬಿತ್ತಲು ಧೈರ್ಯ ಬಂದದ್ದು ನೆರೆಹೊರೆಯವರಿಂದ. ಇಂದಿನ ಯೂಟ್ಯೂಬ್, ವಾಟ್ಸಾಪ್‌ಗೂ ಇದು ಹಾಗೇ ಒಪ್ಪುತ್ತದೆ. ವಿಡಿಯೊ ಸುದ್ದಿ ಮುಟ್ಟಿಸುತ್ತದೆ. ಧೈರ್ಯ ಕೊಡುವವರು ಪಕ್ಕದ ಹೊಲದವರು.

ನಂಬಿಕೆಯ ಮೇಲೆ ನಡೆದ ಜಾಲಕ್ಕೆ ನಮ್ಮ ಜಿಲ್ಲೆಯದೇ ದೊಡ್ಡ ಉದಾಹರಣೆ ಇದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯವರು. ಆಮೇಲೆ ಹಾಸನ ಸೀಮೆಯ ಹಳ್ಳಿಗಳಿಂದ ನೆಂಟರ ಕೈ ಹಿಡಿದು ಒಬ್ಬರ ಹಿಂದೆ ಒಬ್ಬರು ಹೋಗಿ ಕೆಲಸ ಕಲಿತು ಬೇಕರಿ ಇಟ್ಟರು. ಅಯ್ಯಂಗಾರ್ ಬೇಕರಿಗೆ ಒಬ್ಬ ಮಾಲೀಕನಿಲ್ಲ, ಕಂಪನಿ ಇಲ್ಲ, ಜಾಹೀರಾತೂ ಇರಲಿಲ್ಲ. ಹೆಸರು, ಕೈರುಚಿ, ಬಂಧುಬಳಗ ಇಷ್ಟರಿಂದಲೇ ಅದು ಊರೂರಿಗೆ ಹಬ್ಬಿತು. ಫೋನಿನ ಜಾಲ ಇಂಥ ಪರಿಚಯವನ್ನು ದೂರಕ್ಕೆ ಒಯ್ಯಬಲ್ಲದು, ಇಲ್ಲದ ಪರಿಚಯವನ್ನು ಹುಟ್ಟಿಸುವುದು ಅದಕ್ಕೆ ಬಹಳ ಕಷ್ಟ.

ಪರಿಚಯ ಇದ್ದಲ್ಲಿ ಅದು ಹೇಗೆ ಕೆಲಸ ಮಾಡುತ್ತದೆಂದು ಗೊಬ್ಬರದ ಅಂಗಡಿಯಲ್ಲಿ ಕೂತು ನೋಡಬೇಕು. ಶುಂಠಿ ಹಾಕಿದ ರೈತ ಬೆಳಿಗ್ಗೆ ಆರೂವರೆಗೆ ಹಳದಿ ತಿರುಗಿದ ಎಲೆಯ ಫೋಟೊ ಕಳಿಸುತ್ತಾನೆ, ಜೊತೆಗೊಂದು ವಾಯ್ಸ್: 'ಅಣ್ಣ, ಎರಡು ಮಡಿ ಹಿಂಗಾಗೈತೆ, ಏನು ಹೊಡೀಲಿ?' ಅಂಗಡಿಯವರ ಉತ್ತರ: 'ಎಲೆ ನೋಡಿ ಔಷಧಿ ಕೊಡಕ್ಕಾಗಲ್ಲ ಕಣಪ್ಪ. ಬುಡ ಕಿತ್ತು ಗೆಡ್ಡೆ ಸೀಳಿ ಒಂದು ಫೋಟೊ ಹಾಕು. ಕೊಳೆತಿದ್ರೆ ಬೇರೆ, ಎಲೆಚುಕ್ಕೆ ಆದ್ರೆ ಬೇರೆ.' ಎರಡನೇ ಫೋಟೊ ಬಂದ ಮೇಲೂ ಗೊತ್ತಾಗದಿದ್ದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಹೇಳುತ್ತೇನೆ ಎನ್ನುತ್ತಾರೆ. ಆ ದಿನ ಒಂದು ಡಬ್ಬಿಯೂ ಮಾರಾಟವಾಗದೆ ಇರಬಹುದು. ಆದರೆ ಆ ವಾಯ್ಸ್ ಮೆಸೇಜು ಪಕ್ಕದ ಮಡಿಯ ನಾಲ್ವರು ರೈತರಿಗೆ ಫಾರ್ವರ್ಡ್ ಆಗುತ್ತದೆ. ಸೀಸನ್ನಿನಲ್ಲಿ ಅವರೆಲ್ಲ ಎಲ್ಲಿಗೆ ಬರುತ್ತಾರೆಂದು ಹೇಳಬೇಕಾಗಿಲ್ಲ. ಅರ್ಧ ಗಂಟೆಯೊಳಗೆ ಕೊಟ್ಟ ಪ್ರಾಮಾಣಿಕ ಉತ್ತರಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ.

ರೈತರೂ ವ್ಯಾಪಾರಿಗಳೇ, ಅದನ್ನು ಮರೆತು ಬರೆಯುವ ಜಾಲತಾಣದ ಲೇಖನಗಳು ಅರೆಬರೆಯವು. ಅರಸೀಕೆರೆ, ತಿಪಟೂರಿನ ಕೊಬ್ಬರಿ ದರ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಬರುತ್ತದೆ, ಅಲ್ಲಿಂದ ಯಾರೋ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ, ಚನ್ನರಾಯಪಟ್ಟಣ ಕಡೆಯ ತೋಟದಲ್ಲಿ ಅದು ಹಾಜರು. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ, ಮಾರುಕಟ್ಟೆ ದರ 20 ಸಾವಿರ ದಾಟಿತ್ತು. ಅಂಥ ಹೊತ್ತಿನಲ್ಲಿ ದರ ಗೊತ್ತಿಲ್ಲದೆ ಮನೆ ಬಾಗಿಲಲ್ಲಿ ಮಾರಿದವರಿಗೆ ಆಗುವ ನಷ್ಟ ಸಣ್ಣದಲ್ಲ. ಬೆಲೆಯ ಸುದ್ದಿ ಏನು ಮಾಡಬಲ್ಲದು ಎಂಬುದಕ್ಕೆ ಪಕ್ಕದ ಕೇರಳದಲ್ಲಿ ನಡೆದ ಅಧ್ಯಯನ ಪ್ರಸಿದ್ಧ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ 1997ರಿಂದ ಮೊಬೈಲ್ ಬಂದ ಮೇಲೆ ಮೀನುಗಾರರು ದೋಣಿಯಿಂದಲೇ ದರ ಕೇಳಿ ಎಲ್ಲಿ ದಡ ಸೇರಬೇಕೆಂದು ನಿರ್ಧರಿಸತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ತೋರಿಸಿದಂತೆ ಮೀನುಗಾರರ ಲಾಭ ಸುಮಾರು ಶೇ. 8 ಏರಿತು, ಕೊಳ್ಳುವವರಿಗೆ ದರ ಶೇ. 4 ಇಳಿಯಿತು. ನಮ್ಮಲ್ಲಿ ಒಂದು ವ್ಯತ್ಯಾಸವಿದೆ. ಮೀನಿನ ದರ ಕೇಳಿದ್ದು ನೇರವಾಗಿ ಮಾರುಕಟ್ಟೆಯಲ್ಲಿದ್ದವರನ್ನು. ಶುಂಠಿ ಗ್ರೂಪುಗಳಲ್ಲಿ ರೈತರ ಜೊತೆ ದಲ್ಲಾಳಿಗಳೂ ಇರುತ್ತಾರೆ. 60 ಕೆ.ಜಿ. ಚೀಲಕ್ಕೆ ಇಷ್ಟು ಎಂದು ಬರುವ ಸಂದೇಶ ಯಾರ ಲಾಭಕ್ಕೆ ಬಂದದ್ದು ಎಂದು ಕೇಳಿಕೊಳ್ಳಬೇಕಾಗುತ್ತದೆ.

ನೇರವಾಗಿ ಮಾರುವ ದಾರಿಯೂ ತೆರೆದಿದೆ. ಹೊಳೆನರಸೀಪುರ, ಅರಕಲಗೂಡು ಕಡೆ ಹೆಸರಾದ ರಾಜಮುಡಿ ಅಕ್ಕಿ ಹೈಬ್ರಿಡ್ ಭತ್ತದ ಅಬ್ಬರದಲ್ಲಿ ಮೂಲೆಗೆ ಸರಿದಿತ್ತು. ಬೆಂಗಳೂರಿನಲ್ಲಿ ಸಹಜ ಸಮೃದ್ಧದಂಥ ಸಂಸ್ಥೆಗಳು ದೇಸಿ ಅಕ್ಕಿಗೆ ಗಿರಾಕಿ ಹುಟ್ಟಿಸಿದವು, ಈಗ ರೈತರ ಮಕ್ಕಳೇ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ಹಿಡಿಯುತ್ತಾರೆ. ಇಲ್ಲಿ ಹಸಿರು ಗದ್ದೆಯ ಡ್ರೋನ್ ವಿಡಿಯೊಗಿಂತ ಹೆಚ್ಚು ಕೆಲಸ ಮಾಡುವುದು ಅಡುಗೆಯ ಮಾತು. ಎಷ್ಟು ಹೊತ್ತು ನೆನೆಸಬೇಕು, ಒಂದು ಲೋಟಕ್ಕೆ ನೀರೆಷ್ಟು, ಕುಕ್ಕರಿಗೆ ಎಷ್ಟು ಕೂಗು ಎಂದೇ ಪಟ್ಟಣದವರು ಕೇಳುತ್ತಾರೆ. ಅದಕ್ಕೆ ಅಮ್ಮನ ದನಿಯಲ್ಲಿ ಉತ್ತರ ಕೊಟ್ಟವರ ಅಕ್ಕಿ ಎರಡನೇ ಸಲವೂ ಹೋಗುತ್ತದೆ. ಬೆಲೆ, ಪಾರ್ಸೆಲ್ ಖರ್ಚು ಎರಡನ್ನೂ ಮೊದಲೇ ಬರೆದುಬಿಡಬೇಕು. ಬೆಲೆ ತಿಳಿಯಲು ಇನ್‌ಬಾಕ್ಸಿಗೆ ಬನ್ನಿ ಎಂಬ ಪದ್ಧತಿ ನಮ್ಮವರ ಮನಸ್ಸಿಗೆ ಒಗ್ಗುವುದಿಲ್ಲ. ಕೇಳಿ ಕೊಳ್ಳದಿದ್ದರೆ ಏನೆಂದುಕೊಂಡಾರು ಎಂಬ ಸಂಕೋಚ ನಮ್ಮಲ್ಲಿ ಬಹಳ. ಕೇಳಲು ಹಿಂಜರಿದವರು ಹೋದ ಗಿರಾಕಿಗಳೇ.

ಹೆಂಗಸರ ವ್ಯಾಪಾರದ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಒಂದೆರಡು ಮಾತು. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೊ ಮೊದಲು ಬೆಳೆದದ್ದೇ ಮನೆಯಲ್ಲಿ ಕೂತು ವಾಟ್ಸಾಪಿನಲ್ಲಿ ಸೀರೆ, ಕುರ್ತಿ ಮಾರುವ ಹೆಂಗಸರಿಂದ. ಸ್ವಸಹಾಯ ಸಂಘದ ಗ್ರೂಪು, ಚೀಟಿಯ ಗ್ರೂಪು ಅವರ ಮಾರುಕಟ್ಟೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬಂದ ವಾರ ಸ್ಟೇಟಸ್‌ನ ಸೀರೆಗೆ ಬೇಡಿಕೆ ಹೆಚ್ಚು. ಆದರೆ ಅವರ ಪ್ರೊಫೈಲ್ ನೋಡಿ: ದೇವರ ಫೋಟೊ, ಇಲ್ಲವೆ ಮಗುವಿನ ಫೋಟೊ. ಮುಖ ಹಾಕಿದರೆ, ನಂಬರ್ ಹರಡಿದರೆ ರಾತ್ರಿ ಹತ್ತಕ್ಕೆ ಬರುವ ಬೇಡದ ಸಂದೇಶಗಳು ಅವರನ್ನು ಹೆದರಿಸಿವೆ. ಮನೆಯ ನಂಬರ್ ಬೇರೆ, ವ್ಯಾಪಾರದ ನಂಬರ್ ಬೇರೆ ಇಟ್ಟುಕೊಳ್ಳಿ ಎಂದು ಇವರಿಗೆ ಯಾರೂ ಹೇಳಿಕೊಡುವುದಿಲ್ಲ. 2018ರಿಂದ ಇರುವ ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಗಡಿಯ ಹೆಸರು, ಹೊತ್ತು, ಮಾಲಿನ ಪಟ್ಟಿ ಹಾಕಬಹುದು, ಕಾಸು ಬೇಕಿಲ್ಲ. ಸಂಘಗಳ ತರಬೇತಿಯಲ್ಲಿ ಉಪ್ಪಿನಕಾಯಿ ಹಾಕುವುದನ್ನು ಕಲಿಸುವ ಹೊತ್ತಿನಲ್ಲಿ ಅರ್ಧ ಗಂಟೆ ಇದಕ್ಕೂ ಕೊಡಬೇಕು. ಇದು ನನ್ನ ಬಲವಾದ ಒತ್ತಾಯ.

ಜಾಲ ಕೊಟ್ಟದ್ದನ್ನು ಒಂದೇ ರಾತ್ರಿಯಲ್ಲಿ ಕಸಿದುಕೊಳ್ಳಲೂಬಹುದು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಹಳ್ಳಿಯ ಹುಡುಗರು, ಹಾಡುವವರು, ಸಣ್ಣ ವ್ಯಾಪಾರಿಗಳು ಅಲ್ಲಿ ಕಟ್ಟಿಕೊಂಡಿದ್ದ ನೋಡುಗರು ಬೆಳಗಾಗುವಷ್ಟರಲ್ಲಿ ಇಲ್ಲವಾದರು. ಹತ್ತೇ ದಿನದೊಳಗೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಆದರೆ ಎಲ್ಲರೂ ಹೊಸದಾಗಿ ಶುರು ಮಾಡಬೇಕಾಯಿತು. ನಮ್ಮ ಬೆಂಗಳೂರಿನದೇ ಆದ ‘ಕೂ’ ಎಂಬ ಜಾಲತಾಣ ಕೂಡ 2024ರ ಜುಲೈನಲ್ಲಿ ಮುಚ್ಚಿತು. ಗಿರಾಕಿಗಳನ್ನೆಲ್ಲ ಒಂದೇ ಆ್ಯಪಿನಲ್ಲಿ ಇಟ್ಟುಕೊಳ್ಳುವುದು ಗುತ್ತಿಗೆ ಜಮೀನಿನಲ್ಲಿ ತೆಂಗು ನೆಟ್ಟ ಹಾಗೆ. ನಂಬರುಗಳು ಒಂದು ಪುಸ್ತಕದಲ್ಲೂ ಬರೆದಿರಬೇಕು.

ಸುಳ್ಳು ಸುದ್ದಿಗೆ ತೆತ್ತ ಬೆಲೆ ಕರ್ನಾಟಕಕ್ಕೆ ಗೊತ್ತಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಇಂಥ ಕೊಲೆಗಳ ಸರಣಿಯ ನಂತರವೇ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಬಂದದ್ದು. ಹಾಸನಕ್ಕೆ ಇಂಥ ಗಾಬರಿಯ ಬಿಸಿ ತಟ್ಟಿದ್ದು 2025ರ ಜೂನ್, ಜುಲೈನಲ್ಲಿ. ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂಬ ಸುದ್ದಿ ಫೋನಿಂದ ಫೋನಿಗೆ ಹರಿದು, ಗಾಬರಿಗೊಂಡವರು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಭಯವನ್ನೇ ಬಂಡವಾಳ ಮಾಡಿಕೊಂಡ ಪುಡಿ, ಕಷಾಯಗಳ ಸಂದೇಶಗಳು ಗ್ರೂಪುಗಳನ್ನು ತುಂಬಿದ್ದವು. ಭಯ ಮಾರಿ ಗಳಿಸುವುದನ್ನು ನಾನು ವ್ಯಾಪಾರ ಎನ್ನಲಾರೆ.

ಅದೇ ಜುಲೈನಲ್ಲಿ ಇನ್ನೊಂದು ಆತಂಕ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬ ನಿಯಮವನ್ನು ಎಷ್ಟೋ ಮಂದಿ ಕೇಳಿಯೇ ಇರಲಿಲ್ಲ. ತೆರಿಗೆ ಇಲ್ಲದ ತರಕಾರಿ ಮಾರಿದ ಹಾವೇರಿಯ ವ್ಯಾಪಾರಿಗೂ ನೋಟಿಸ್ ಹೋಯಿತು. ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ಸ್ಟೇಟಸ್‌ನಲ್ಲಿ ತೋರಿಸಿ ಫೋನ್‌ಪೇಯಲ್ಲಿ ಪಡೆಯುವ ವ್ಯಾಪಾರಕ್ಕೆ ಲೆಕ್ಕದ ಪುಸ್ತಕವೂ ಬೇಕು ಎಂಬುದು ಆಗ ಹಲವರಿಗೆ ಮೊದಲ ಸಲ ಅರಿವಾಯಿತು. ತೆರಿಗೆ ಇಲ್ಲದ ಮಾಲು ಎಷ್ಟು, ಇರುವ ಮಾಲು ಎಷ್ಟು, ತಮ್ಮನ ಕೈಸಾಲ ಎಷ್ಟು ಎಂದು ದಿನದ ಕೊನೆಗೆ ಬೇರೆ ಬೇರೆ ಬರೆದಿಟ್ಟವರಿಗೆ ಉತ್ತರ ಕೊಡಲು ಕಷ್ಟವಾಗಲಿಲ್ಲ.

ಇನ್ನೂ ಒಂದು ಗುಂಪು ಉಳಿಯಿತು, ಯಾವ ಜಾಲದಲ್ಲೂ ಇಲ್ಲದವರು. ಕೂಲಿಗೆ ಹೋಗುವ ಹೆಂಗಸರು, ಒಂಟಿ ಮುದುಕರು, ಫೋನಿದ್ದರೂ ಡೇಟಾ ಹಾಕಿಸದವರು. ಬಿತ್ತನೆ ಆಲೂಗಡ್ಡೆ ಬಂತು, ಗೊಬ್ಬರದ ಲೋಡು ನಾಳೆ ಬರುತ್ತದೆ ಎಂಬ ಸುದ್ದಿ ಗ್ರೂಪಿಗೆ ಮಾತ್ರ ಹೋದರೆ ಇವರಿಗೆ ಸಿಗುವುದು ಉಳಿದದ್ದು, ಕೆಲವೊಮ್ಮೆ ಅದೂ ಇಲ್ಲ. ಇವರೂ ಅಂಗಡಿಯ ಗಿರಾಕಿಗಳು, ಸಾಲ ತೀರಿಸುವುದರಲ್ಲಿ ಎಷ್ಟೋ ಸಲ ಉಳಿದವರಿಗಿಂತ ಮುಂದು. ಸ್ಟೇಟಸ್ ಹಾಕಿದ ಅಂಗಡಿಯವರು ಅದೇ ಸುದ್ದಿಯನ್ನು ಹಾಲಿನ ಡೇರಿಯ ಹಲಗೆಯ ಮೇಲೂ ಬರೆಸಲಿ, ಲೋಡಿನಲ್ಲಿ ಹತ್ತಿಪ್ಪತ್ತು ಚೀಲ ಮಧ್ಯಾಹ್ನದವರೆಗೆ ತೆಗೆದಿಡಲಿ. ಡೇರಿಗೆ ದಿನಕ್ಕೆ ಎರಡು ಸಲ ಎಲ್ಲ ಮನೆಯವರೂ ಬರುತ್ತಾರೆ, ಓದಲು ಬಾರದವರಿಗೆ ಹಾಲು ಅಳೆಯುವವರು ಬಾಯಲ್ಲೇ ಹೇಳುತ್ತಾರೆ.